ಎರೆಯುವ ಕೈ

ವಿಜಯವಾಡದ ಒನ್ ಟೌನ್‌ನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ನನ್ನ ಸೋದರತ್ತೆ ಅಕ್ಕಮ್ಮನೇ ಬೇಕು. ತುಮಕೂರಿನಿಂದ ತೆಲುಗರ ಮನೆಗೆ ಸೊಸೆಯಾಗಿ ಬಂದವಳು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಕೊನೆಗೆ ಕಿರುಬೆರಳನ್ನು ಬಾಯೊಳಗೆ ಹಾಕಿ ಗಂಟಲ ಕಫ ತೆಗೆಯುತ್ತಾಳೆ. ಆ ಬೆರಳಿನ ವಿಷಯಕ್ಕೆ ನಾನು ಬಾಯಿ ನೋಯುವಷ್ಟು ಬೈದಿದ್ದೇನೆ. ಕೇಳಿದವಳಲ್ಲ. ಈ ಸಲ ಅವಳ ಮಗಳು ಸಾಯಿಪ್ರಿಯಾಳೇ ಬಸುರಿ. "ಊರ ಮಕ್ಕಳಿಗೆಲ್ಲ ಎರೆದೆ. ನನ್ನ ಮೊಮ್ಮಗೂಗೆ ಒಂದು ಎರೆದುಬಿಟ್ರೆ ಸಾಕು ಕಣೇ ರಚನಾ" ಎಂದು ಫೋನಿನಲ್ಲಿ ದಿನಾ ಅದೇ ರಾಗ.

ನನ್ನ ಕೆಲಸ ವಿಶಾಖಪಟ್ಟಣದ ದ್ವಾರಕಾ ನಗರದ ಪ್ರಯೋಗಾಲಯದಲ್ಲಿ. ಆಸ್ಪತ್ರೆಗಳು ಕಳಿಸುವ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಜೀನೋಮ್ ಓದಿ, ಯಾವುದು ಯಾವುದರ ಸಂತತಿ, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಪತ್ತೆಮಾಡುವುದು. ವಿಜಯವಾಡದ ಬೆಂಜ್ ಸರ್ಕಲ್ ಕಡೆಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಹಬ್ಬಿದ್ದ ತಳಿ, ಬೇರೊಂದು ಆಸ್ಪತ್ರೆಗೆ ಸೇರಿದ ಹಸುಗೂಸಿನ ರಕ್ತದಲ್ಲೂ ಸಿಕ್ಕಿತು. ಕೂಸು ಆ ವಾರ್ಡಿನ ಕಡೆ ಹೋಗಿದ್ದೇ ಇಲ್ಲ. ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು.

ಆ ಸಂಜೆ ಅತ್ತೆ ಫೋನಿನಲ್ಲಿ ಅತ್ತಳು. "ನಮ್ಮ ಬೀದಿ ಮಾಧವೀಲತಾ ಕೂಸನ್ನ ಆಸ್ಪತ್ರೆಗೆ ಹಾಕಿದಾರೆ. ಯಾವ ಔಷಧೀನೂ ನಾಟ್ತಿಲ್ಲವಂತೆ. ಪಾಪಂ, ನಾನೇ ಎರೀತಿದ್ದೆ."

ಯಾವ ಆಸ್ಪತ್ರೆ ಎಂದು ಕೇಳಿದೆ; ನನ್ನ ತಲೆ ಕೆಡಿಸಿದ್ದ ಕೂಸು ಅದೇ. ಬೇಸಿಗೆಯಲ್ಲಿ ಅತ್ತೆ ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಮಲಗಿದ್ದು ಬೆಂಜ್ ಸರ್ಕಲ್ ಕಡೆಯ ಆ ವಾರ್ಡಿನಲ್ಲೇ.

ಮರುದಿನವೇ ರೈಲು ಹತ್ತಿದೆ. ಮಲದ ಮಾದರಿ ಕೇಳಿದರೆ ಅತ್ತೆ ಬಿದ್ದು ಬಿದ್ದು ನಕ್ಕಳು. "ಅಷ್ಟು ಓದಿ ಇದನ್ನ ಹೊರೋ ಕೆಲಸವಾ ನಿಂದು?" ಆದರೂ ಕೊಟ್ಟಳು. ಫಲಿತಾಂಶ ನನ್ನ ಭಯವನ್ನೇ ಹೇಳಿತು: ವಾರ್ಡಿಗೂ ಕೂಸಿಗೂ ನಡುವಿನ ಕೊಂಡಿ ಅತ್ತೆ. ನನಗೆ ಸಿಟ್ಟು ಬಂದಿದ್ದು ಆ ವಾರ್ಡಿನ ಆಸ್ಪತ್ರೆಯ ಮೇಲೆ. ಅವರಿಗೆ ವರದಿ ಕಳಿಸಿದೆ, ಧನ್ಯವಾದ ಎಂದು ಒಂದು ಸಾಲು ಬಂತು. ಅವರಿಗೇನು, ಬರೆದರೆ ಮುಗಿಯಿತು. ಅತ್ತೆಯ ಮುಖ ನೋಡಿ ಹೇಳಬೇಕಾದವಳು ನಾನು.

"ನಿನಗೇನೂ ಕಾಯಿಲೆಯಿಲ್ಲ ಅತ್ತೆ. ಅದು ನಿನ್ನ ಹೊಟ್ಟೇಲಿ ಸುಮ್ಮನಿದೆ. ಅಲ್ಲಿಂದ ಕೈಗೆ, ಬೆರಳಿಂದ ಕೂಸಿನ ಬಾಯಿಗೆ ಹೋಗಿದೆ."

ಅತ್ತೆ ಮೊದಲು ಕೇಳಿದ್ದು: "ಮಗು ಉಳೀತಾ?"

"ಉಳೀತು. ಕೊನೆಗೆ ಒಂದು ಔಷಧಿ ನಾಟಿತು."

"ನನ್ನಿಂದ ಇದು ಯಾವಾಗ ಹೋಗುತ್ತೆ?"

"ತಿಂಗಳುಗಟ್ಟಲೆ ಇರಬಹುದು. ಹೇಳೋಕಾಗಲ್ಲ."

ನಾನು ಬೇಡವೆಂದರೂ ಅವಳೇ ಮಾಧವೀಲತಾಳ ಮನೆಗೆ ಹೋಗಿ ಎಲ್ಲ ಹೇಳಿಬಂದಳು. ಅಲ್ಲಿ ಏನಾಯಿತೆಂದು ನನಗೆ ಇವತ್ತಿಗೂ ಹೇಳಿಲ್ಲ.

ಸಾಯಿಪ್ರಿಯಾಳಿಗೆ ಗಂಡುಮಗು ಹುಟ್ಟಿತು. ನಾನು ನೋಡಲು ಹೋದಾಗ ಬಚ್ಚಲಲ್ಲಿ ಎರೆಯುತ್ತಿದ್ದವರು ಬೀಗಿತ್ತಿ ರಾಜ್ಯಲಕ್ಷ್ಮಿ. ತವರಿನ ಬಾಣಂತನಕ್ಕೆ ಬೀಗಿತ್ತಿಯನ್ನು ಕರೆಸಿಕೊಳ್ಳುವುದೆಂದರೆ ಅತ್ತೆಗೆ ಎಂಥ ಸಂಕಟವೆಂದು ನನಗೆ ಗೊತ್ತು.

"ಸೋಪು ಹಾಕಿ ಚೆನ್ನಾಗಿ ಕೈ ತೊಳೆದು ಎತ್ತಿಕೋ ಅತ್ತೆ, ಪರವಾಗಿಲ್ಲ. ಬೆರಳೊಂದು ಬಾಯಿಗೆ ಹಾಕಬೇಡ" ಎಂದೆ.

"ಬೇಡ ಕಣೇ. ನೀನು ಹೇಳಿದ್ದು ನನಗೆ ಅರ್ಥವಾಗಿದೆ, ಕೈಗೆ ಅರ್ಥವಾಗಿಲ್ಲ. ಅದು ತಾನಾಗಿ ಬಾಯಿ ಹುಡುಕ್ಕೊಂಡು ಹೋಗುತ್ತೆ."

ಬಚ್ಚಲಲ್ಲಿ ಮಗು ಕಿರುಚಿತು. ನೀರು ಬಿಸಿಯಾಯಿತು, ತಣ್ಣೀರು ಬೆರೆಸಿ ಎಂದು ಅತ್ತೆ ನಡುಮನೆಯಿಂದಲೇ ತೆಲುಗಿನಲ್ಲಿ ಕೂಗಿ ಹೇಳಿದಳು. ಗೋಡೆಗೆ ಒರಗಿ ಕೂತಿದ್ದಳು, ಎರಡು ಕೈಯೂ ಸೆರಗಿನೊಳಗೆ. ಕಾಲುಗಳನ್ನು ಮಾತ್ರ ಎರೆಯುವಾಗಿನಂತೆ ಜೋಡಿಸಿ, ಉದ್ದಕ್ಕೆ ನೀಡಿಕೊಂಡಿದ್ದಳು.