ಪುಡಿ ಇಲ್ಲದ ಕಾರ್ಖಾನೆ

"ನಿನ್ನ ಒಂದು ತಿಂಗಳ ಸಂಬಳಕ್ಕೆ ಬೊಟ್ಟು ಎಷ್ಟು ಬರುತ್ತೆ ಗೊತ್ತೇನೆ? ಒಂದು ಹಿಡಿ. ಅದೂ ನಿನ್ನ ಕೈಹಿಡಿ ಅಲ್ಲ, ಮಗೂದು. ಉಗುರಿನ ಸಂದಿ ಉಜ್ಜೆ ಮುಂಡೆ. ಅಲ್ಲಿ ಕೂತಿರೋದು ನಿನ್ನ ಒಂದು ಹೊತ್ತಿನ ಊಟದ ಬೆಲೆ."

ಮೇಸ್ತ್ರಿ ಕೈ ತೊಳೆಯುವ ತೊಟ್ಟಿಯ ಬದಿಗೆ ಸ್ಟೂಲು ಹಾಕಿಕೊಂಡು ಕೂತಿದ್ದ. ಚಿಕ್ಕವಳು ಉಗುರಿನ ಸಂದಿ ಉಜ್ಜಿದಳು, ಬಾಯಿ ಮುಕ್ಕಳಿಸಿ ಅದೇ ತೊಟ್ಟಿಗೆ ಉಗಿದಳು, ಜಡೆ ಬಿಚ್ಚಿ ಮೂರು ಸಲ ಕೊಡವಿದಳು. ಸಂಜೆ ಐದೂವರೆಗೆ ಹನ್ನೊಂದು ಹೆಂಗಸರೂ ಹೀಗೆ ಕೊಡವಿಕೊಂಡೇ ಹೊರಬೀಳಬೇಕು. ತೊಟ್ಟಿಯ ತಳದ ಕೆಸರನ್ನು ಒಣಗಿಸಿ ಕರಗಿಸಿದರೆ ಬೆಳ್ಳಿ ಬರುತ್ತದೆ. ತಿಂಗಳ ಕೊನೆಗೆ ಅವರ ಏಪ್ರನ್ನುಗಳನ್ನೂ ಸುಟ್ಟು ಬೂದಿ ಸೋಸುತ್ತಾರೆ. ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆಯನ್ನು ಮಾತ್ರ ಅವರವರೇ ಮನೆಯಿಂದ ತರಬೇಕು. ಸುಡುವಾಗ ಅದನ್ನೂ ಬಿಡುವುದಿಲ್ಲ.

ಅಲ್ಲಿ ತಯಾರಾಗುವುದು ಸ್ವಿಚ್ಚಿನೊಳಗಿನ ಬೊಟ್ಟು. ಗುಂಡಿ ಒತ್ತಿದಾಗ ಒಂದಕ್ಕೊಂದು ತಾಗಿ ಕರೆಂಟು ಹರಿಸುವ ಪುಟ್ಟ ಬಿಲ್ಲೆ. ಬರೀ ಬೆಳ್ಳಿಯದಾದರೆ ಕಿಡಿ ಹಾರಿದಾಗ ಕರಗಿ ಅಂಟಿಬಿಡುತ್ತದೆ. ಆಮೇಲೆ ಆರಿಸಿದರೂ ಆರುವುದಿಲ್ಲ. ಅಂಟದಿರಲೆಂದು ಕ್ಯಾಡ್ಮಿಯಮ್ಮಿನ ಕಂದು ಪುಡಿ ಬೆರೆಸುತ್ತಾರೆ. ಹೆಂಗಸರ ಬಾಯಲ್ಲಿ ಅದು ಕ್ಯಾಡಮ್ಮ. "ಬೆಳ್ಳಿರಾಯ ಕ್ಯಾಡಮ್ಮನ ಸಂಸಾರ ಕಣ್ರೇ ಇದು. ಅಂಟ್ಕೊಳ್ಳಲ್ಲ, ಬಿಟ್ಟೂ ಇರಲ್ಲ. ಥೇಟ್ ನಾನೂ ನನ್ನ ಗಂಡನೂ ಇದ್ದ ಹಾಗೆ" ಎಂದು ದೊಡ್ಡವಳು ನಗಿಸುತ್ತಿದ್ದಳು.

ದೊಡ್ಡವಳು, ಚಿಕ್ಕವಳು ಓರಗಿತ್ತಿಯರು. ಮನೆಯಲ್ಲಿ ಕರೆದ ಹೆಸರೇ ಕಾರ್ಖಾನೆಯಲ್ಲೂ ನಿಂತಿತ್ತು. ಚಿಕ್ಕವಳದು ಬಿಲ್ಲೆಯ ಅಂಚನ್ನು ತಿರುಗುವ ಕಲ್ಲಿಗೆ ಹಿಡಿದು ನಯ ಮಾಡುವ ಕೆಲಸ. ದೊಡ್ಡವಳು ಒಂಬತ್ತು ವರ್ಷ ಎರಡೂ ಪುಡಿಯನ್ನು ತೂಗಿ, ಜರಡಿ ಹಿಡಿದು, ಬೆರೆಸಿದವಳು. ಎರಡು ತಿಂಗಳಿಂದ ಆ ಜರಡಿ ಬೇರೊಬ್ಬಳ ಕೈಯಲ್ಲಿದೆ.

ಚಿಕ್ಕವಳು ಮನೆಗೆ ಬಂದಾಗ ದೊಡ್ಡವಳು ಗೋಡೆಗೆ ಒರಗಿ ಕೂತಿದ್ದಳು. ಕಾಲು ಬಾತು, ಬೆರಳಿಟ್ಟರೆ ಗುಳಿ ಬೀಳುತ್ತಿತ್ತು.

"ಇವತ್ತಾದ್ರೂ ಕೇಳ್ದೇನೆ?"

"ಧಣಿ ಬಂದಿರಲಿಲ್ಲ ಅಕ್ಕ. ನಾಳೆ ಕೇಳ್ತೀನಿ."

"ಕೊಡಲ್ಲ ಬಿಡು. ಉಗುಳಿದ್ದನ್ನೂ ಸೋಸ್ಕೊಳ್ಳೋ ಜನ, ಚೀಟಿ ಕೊಡ್ತಾರಾ?"

ಚೀಟಿಯ ಸಂಗತಿ ಇಷ್ಟು. ಅವಳ ಎರಡೂ ಮೂತ್ರಪಿಂಡ ಸೋತಿವೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಯಾವ ಪುಡಿಯಲ್ಲಿ ಕೆಲಸ ಮಾಡುತ್ತಿದ್ದಳೆಂದು ಕಾರ್ಖಾನೆಯಿಂದ ಬರೆಸಿ ತಂದರೆ ಕಾರ್ಮಿಕರ ವಾರ್ಡಿನಲ್ಲಿ ಹಾಸಿಗೆ, ರಕ್ತ ಸೋಸುವ ಯಂತ್ರ, ಎಲ್ಲವೂ ಬಿಟ್ಟಿ. ತರದಿದ್ದರೆ ಮನೆ ಮಾರಿದರೂ ಸಾಲದು. ಮಾರೋಣವೆಂದರೆ ಮನೆ ಬಾಡಿಗೆಯದು.

ಮರುದಿನ ಊಟದ ಬಿಡುವಿನಲ್ಲಿ ಚಿಕ್ಕವಳು ಧಣಿಯ ಕೋಣೆಗೆ ಹೋಗಿ ನಿಂತಳು. ತಲೆ ಸುತ್ತಿದಂತಾಗಿ ಮೇಜಿನ ಅಂಚಿಗೆ ಕೈಯೂರಿದಳು.

"ಯಾವ ಪುಡಿ?" ಎಂದ ಧಣಿ.

"ಕ್ಯಾಡಮ್ಮ... ಕ್ಯಾಡ್ಮಿಯಂ, ಧಣಿ."

"ನಮ್ಮಲ್ಲಿ ಪುಡಿ ಇಲ್ಲ. ನಾವು ತಯಾರಾದ ಬಿಲ್ಲೆ ತರಿಸಿ ಅಂಚು ತೀಡ್ತೀವಿ. ಲೈಸೆನ್ಸಲ್ಲಿ ಹಾಗೇ ಇದೆ."

"ನಮ್ಮಕ್ಕ ಒಂಬತ್ತು ವರ್ಷ ಜರಡಿ ಹಿಡಿದಳಲ್ಲ ಧಣಿ."

"ಹಿಡಿದಳು ಅಂತ ಎಲ್ಲಿದೆ? ಹಾಜರಿ ಪುಸ್ತಕದಲ್ಲಿ ಗುಡಿಸೋಳು ಅಂತಿದೆ. ಸಿಕ್ಕ ನೀರು ಕುಡೀತೀರಿ, ಸಿಕ್ಕಲ್ಲಿ ಬೀಳ್ತೀರಿ, ಕಾಯಿಲೆ ಬಂದ್ರೆ ಮಾತ್ರ ಧಣಿ ತಲೆಗೆ ಕಟ್ತೀರಿ. ಕೈ ತೆಗಿ."

ಅವಳು ಕೈ ತೆಗೆದಳು. ಅವಳು ಕೈಯೂರಿದ್ದ ಜಾಗವನ್ನು ಧಣಿ ಒಂದು ಬಟ್ಟೆಯಿಂದ ಒರೆಸಿದ. ಒರೆಸಿದ ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಜೋಪಾನವಾಗಿ ಮಡಿಚಿ, ಸುಡುವ ಏಪ್ರನ್ನುಗಳ ಚೀಲಕ್ಕೆ ಹಾಕಿದ.

ಮಧ್ಯಾಹ್ನವೆಲ್ಲ ಅವಳು ಕಲ್ಲಿಗೆ ಬಿಲ್ಲೆ ಹಿಡಿದಳು. ಸಿಟ್ಟು ಬಂದಿತ್ತೇ ಎಂದರೆ, ಸಿಟ್ಟು ಮಾಡಿಕೊಳ್ಳಲಿಕ್ಕೂ ಮೈಯಲ್ಲಿ ಕಸುವು ಬೇಕು. ಐದೂವರೆಗೆ ತೊಟ್ಟಿಯ ಮುಂದಿನ ಸಾಲಿನಲ್ಲಿ ಮೂರನೆಯವಳಾಗಿ ನಿಂತಳು. ಸರದಿ ಬಂದಾಗ ತೊಟ್ಟಿಯನ್ನು ದಾಟಿ ನಡೆದಳು. ಏಪ್ರನ್ನನ್ನೂ ಬಿಚ್ಚಲಿಲ್ಲ.

"ಏಯ್, ಎಲ್ಲಿಗೆ?"

"ಮನೆಗೆ."

"ಕೈ ತೊಳೀಯೆ ಕಳ್ಳ ಮುಂಡೆ."

"ಏನಿದೆ ಅಂತ ತೊಳೀಲಿ ಮೇಸ್ತ್ರಿ? ಪುಡೀನೇ ಇಲ್ಲ ಅಂದ್ರಲ್ಲ ಧಣಿ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ರಟ್ಟೆ ಹಿಡಿದೆಳೆದ. ಅವಳು ಎರಡೂ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೆಲಕ್ಕೆ ಕೂತುಬಿಟ್ಟಳು.

"ಕದ್ದೆ ಅನ್ನೋದಾದ್ರೆ ಪೊಲೀಸ್ರನ್ನ ಕರೀರಿ. ಅವರ ಮುಂದೆ ತೊಳೀತೀನಿ."

ಧಣಿ ಮಹಡಿಯಿಂದಲೇ ಹೇಳಿದ: "ಕರಿ. ಒಬ್ಬಳಿಗೆ ಬಿದ್ರೆ ಹತ್ತು ಜನಕ್ಕೆ ಬುದ್ಧಿ ಬರುತ್ತೆ."

ಠಾಣೆಗೆ ಬರುವುದು ಅವನ ಅಂತಸ್ತಿಗೆ ಕಡಿಮೆ. ಮೇಸ್ತ್ರಿಯ ಕೈಗೆ ಕಾರ್ಖಾನೆಯ ಮೊಹರು ಕೊಟ್ಟು ಕಳಿಸಿದ. ಠಾಣೆಯಲ್ಲಿ ಹೆಂಗಸು ಪೇದೆ ಅವಳ ಕೈಯನ್ನು ಬೋಗುಣಿಯಲ್ಲಿ ತೊಳೆಸಿದಳು, ಏಪ್ರನ್ ಬಿಚ್ಚಿಸಿ ಗಂಟು ಕಟ್ಟಿಟ್ಟಳು. ದೂರು ಬರೆದುಕೊಳ್ಳುವ ರೈಟರ್ ಬೋಗುಣಿಗೆ ಇಣುಕಿದ.

"ಏನ್ರಿ ಕಳವು?"

"ಬೆಳ್ಳಿ ಸಾರ್."

"ಇದು ಬೆಳ್ಳಿಯೇನ್ರಿ? ಚರಂಡಿ ನೀರಿದ್ದ ಹಾಗಿದೆ. ಕೋರ್ಟಲ್ಲಿ ನನ್ನ ಮುಖಕ್ಕೆ ಉಗೀತಾರೆ."

ಇಪ್ಪತ್ತು ವರ್ಷದ ಕಸುಬಿಗೇ ಪೆಟ್ಟು ಬಿದ್ದಂತಾಯಿತು ಮೇಸ್ತ್ರಿಗೆ. "ಬರ್ಕೊಳ್ಳಿ ಸಾರ್. ನೂರಕ್ಕೆ ಎಂಬತ್ತೆಂಟು ಬೆಳ್ಳಿ, ಹನ್ನೆರಡು ಕ್ಯಾಡ್ಮಿಯಂ ಆಕ್ಸೈಡ್. ನಮ್ಮಲ್ಲೇ ಬೆರೆಸೋ ಮಾಲು. ಇವರ ಮೈಗೆ ಮೆತ್ತಿಕೊಂಡಿದ್ದೇ ದಿನಕ್ಕೆ ಎಷ್ಟೋ ಹೋಗುತ್ತೆ. ಪುಡಿ ಬೆರೆಸ್ತಿದ್ದೋಳು ಇವಳ ಓರಗಿತ್ತಿ. ಅವಳೊಬ್ಬಳ ಏಪ್ರನ್ ಸುಟ್ರೇ ಹತ್ತು ಗ್ರಾಂ ಸಿಗ್ತಿತ್ತು. ಒಂಬತ್ತು ವರ್ಷ ನಾನೇ ಸುಟ್ಟಿದ್ದೀನಿ."

ಬೆಂಚಿನ ತುದಿಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದ ಚಿಕ್ಕವಳು ಮೆಲ್ಲಗೆ ಹೇಳಿದಳು: "ಅದನ್ನೂ ಬರ್ಕೊಳ್ಳಿ ಸಾರ್. ಅಕ್ಕನ ಹೆಸರು ಹಾಕಿ. ಮೇಸ್ತ್ರಿ ಸುಳ್ಳು ಹೇಳಲ್ಲ."

ಮೇಸ್ತ್ರಿ ಸಹಿ ಹಾಕಿ ಮೊಹರು ಒತ್ತಿದ. ದೂರಿನ ಒಂದು ಪ್ರತಿಯನ್ನು ಆರೋಪಿಗೂ ಕೊಡಬೇಕೆಂಬುದು ಅವಳಿಗೆ ಗೊತ್ತಿತ್ತು. ಗಂಡನ ತಳ್ಳುಗಾಡಿಯನ್ನು ಪೊಲೀಸರು ಹಿಡಿದೊಯ್ದಾಗ ಕಲಿತದ್ದು. ಕೇಳಿ ಇಸಿದುಕೊಂಡಳು. ಗಂಡ ಬುತ್ತಿ ಹಿಡಿದು ಓಡಿಬಂದ.

"ಏನೇ ಇದು ನಿನ್ನ ಕರ್ಮ. ಬೀದೀಲಿ ತಲೆ ಎತ್ತೋ ಹಾಗಿಲ್ಲ ಇನ್ನು."

"ತಗ್ಗಿಸ್ಕೊಂಡೇ ಹೋಗು. ಈ ಕಾಗದಾನ ಅಕ್ಕನ ಡಾಕ್ಟರ್ ಕೈಗೆ ಕೊಡು. ಎರಡನೇ ಹಾಳೇಲಿ ಕ್ಯಾಡಮ್ಮ ಇದಾಳೆ, ಅಕ್ಕಾನೂ ಇದಾಳೆ. ಬುತ್ತಿಗೆ ಉಪ್ಪು ಹಾಕಿದೀಯಾ?"

ಡಾಕ್ಟರು ಎರಡು ಸಲ ಓದಿದರು, ಮೊಹರನ್ನು ನೋಡಿದರು, ಸೇರಿಸಿಕೊಳ್ಳಿ ಎಂದು ಬರೆದರು. ದೊಡ್ಡವಳಿಗೆ ಬಾಗಿಲ ಪಕ್ಕದ ಹಾಸಿಗೆ ಸಿಕ್ಕಿತು, ವಾರಕ್ಕೆ ಎರಡು ಸಲ ಯಂತ್ರ ಸಿಕ್ಕಿತು. ಸತ್ತ ಮೂತ್ರಪಿಂಡ ಬದುಕುವುದಿಲ್ಲ ಎಂದು ಡಾಕ್ಟರು ಅವತ್ತೇ ಹೇಳಿದರು. ಚಿಕ್ಕವಳು ನಾಲ್ಕು ದಿನ ಲಾಕಪ್ಪಿನಲ್ಲಿದ್ದಳು. ಕೆಲಸ ಹೋಯಿತು. ಕಳ್ಳಿ ಎಂಬ ಹೆಸರು ಬಂತು. ಆ ಹೆಸರು ಕೇಳಿ ಬೇರೆ ಯಾವ ಕಾರ್ಖಾನೆಯೂ ಅವಳನ್ನು ಒಳಗೆ ಬಿಡಲಿಲ್ಲ. ಅವಳ ಕೈಯಿಂದಲೂ ಏಪ್ರನ್ನಿನಿಂದಲೂ ತೆಗೆದ ಪುಡಿ ಒಟ್ಟು ಮೂರು ಗ್ರಾಂ ತೂಗಿತು. ಅದನ್ನು ಧಣಿಯೇ ಠಾಣೆಯ ಮೆಟ್ಟಿಲು ಹತ್ತಿ ಬಂದು, ಸಹಿ ಹಾಕಿ, ವಾಪಸು ತೆಗೆದುಕೊಂಡು ಹೋದ.