ಉಸಿರಕ್ಕ

"ಕಾಲಿನ ಕಡೆ ಇನ್ನೊಂಚೂರು ಎತ್ತಿ, ಗೋಡೆಗೆ ತಾಗುತ್ತೆ," ಎಂದಳು ಆಸ್ಪತ್ರೆ ವಾರ್ಡಿನ ಆಯಾ. ಮೂರನೆಯ ಮಹಡಿಯ ಮನೆಯಿಂದ ಹೆಣ ಇಳಿಸುತ್ತಿದ್ದ ನಾಲ್ವರೂ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿದ್ದರು.

"ಹುಷಾರು, ಅವಳಿಗೆ ಸೊಂಟನೋವು," ಎಂದ ಹಿಂದಿದ್ದ, ಸತ್ತವಳ ಗಂಡ. ಅವನು ದರ್ಜಿ.

ಕೆಳಗೆ ಬೀದಿಯಲ್ಲಿ ಆಸ್ಪತ್ರೆಯವರು ಸೇರಿದ್ದರು. ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳ ನಿಜವಾದ ಹೆಸರು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಎಲ್ಲರಿಗೂ ಅವಳು ಉಸಿರಕ್ಕ. ಜ್ವರ, ಕೆಮ್ಮು ಎಂದು ತನ್ನ ಹಳೆಯ ವಾರ್ಡಿಗೇ ಸೇರಿದ್ದಳು; ಮೂರನೆಯ ದಿನ ಹೃದಯ ನಿಂತಿತು.

"ನನ್ನಂಥೋಳಿಗೂ ಉಸಿರು ಎಣಿಸೋದು ಕಲಿಸಿದ್ರು ಅಕ್ಕ," ಆಯಾ ಮೂಗೊರೆಸಿಕೊಂಡಳು. "'ಹಾಸಿಗೆ ಹಾಸೋವಾಗ ಕಣ್ಣು ಮುಚ್ಕೊಂಡಿರ್ತೀಯಾ?' ಅಂತ ಬೈದು."

ಪಕ್ಕದಲ್ಲಿ ಕಿರಿಯ ನರ್ಸ್ ನಿಂತಿದ್ದಳು. ಅಕ್ಕನ ಹೃದಯ ನಿಂತ ದಿನ ಡ್ಯೂಟಿಯಲ್ಲಿದ್ದವಳು ಅವಳೇ.

*

ಹಿಂದೆ ಆ ವಾರ್ಡಿನಲ್ಲಿ ಯಾರದಾದರೂ ಹೃದಯ ನಿಂತರೆ ಎಲ್ಲರೂ ಓಡಿಬಂದು ಎದೆ ಒತ್ತುತ್ತಿದ್ದರು. ಬದುಕುತ್ತಿದ್ದವರು ಹತ್ತಕ್ಕೆ ಒಬ್ಬರು. ಒಂದು ದಿನ ಉಸಿರಕ್ಕ ಸತ್ತವರ ಚಾರ್ಟುಗಳನ್ನೆಲ್ಲ ದೊಡ್ಡ ಡಾಕ್ಟರ ಮೇಜಿನ ಮೇಲೆ ಹರಡಿದಳು.

"ಹೃದಯ ಹೇಳದೆ ಕೇಳದೆ ನಿಲ್ಲಲ್ಲ ಡಾಕ್ಟ್ರೇ. ಆರೆಂಟು ಗಂಟೆ ಮುಂಚೆನೇ ಉಸಿರು ಏರಿರುತ್ತೆ. ಇಲ್ಲಿ ನೋಡಿ, ಎಣಿಸದೆ ಎಲ್ಲರದ್ದೂ ನಿಮಿಷಕ್ಕೆ ಇಪ್ಪತ್ತು, ಇಪ್ಪತ್ತು, ಇಪ್ಪತ್ತು ಅಂತ ಬರೆದಿದ್ದಾರೆ. ಇವರೆಲ್ಲ ಒಂದೇ ತಾಯಿ ಮಕ್ಕಳಾ?"

ಡಾಕ್ಟರು ನಕ್ಕರು. ಆಮೇಲೆ ಒಪ್ಪಿದರು. ಹೊಸ ನಿಯಮ ಬಂತು: ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು, ಇಪ್ಪತ್ತೈದು ದಾಟಿದರೆ ಕೂಡಲೇ ಡಾಕ್ಟರನ್ನು ಕರೆಯಬೇಕು. ಎರಡೇ ವರ್ಷಕ್ಕೆ ಎದೆ ಒತ್ತುವ ಪ್ರಸಂಗಗಳು ಅರ್ಧಕ್ಕಿಳಿದವು. ನಂತರ ಡಾಕ್ಟರಿಗೆ ವರ್ಗವಾಯಿತು, ನರ್ಸುಗಳು ಕಡಿಮೆಯಾದರು, ಉಸಿರಕ್ಕ ನಿವೃತ್ತಳಾದಳು. ನಿಯಮದ ಹಾಳೆ ಮಾತ್ರ ಗೋಡೆಯ ಮೇಲೆ ಉಳಿಯಿತು.

*

ಸ್ಮಶಾನದ ಗೇಟಿನ ಬಳಿ ಕಿರಿಯ ನರ್ಸ್ ದರ್ಜಿಯನ್ನು ಪಕ್ಕಕ್ಕೆ ಕರೆದಳು.

"ಅಂಕಲ್, ಆವತ್ತು ಅಕ್ಕನ ಉಸಿರು ನಾನು ಎಣಿಸಲೇ ಇಲ್ಲ. ಮೂವತ್ತೆಂಟು ಪೇಶೆಂಟು, ನಾನೊಬ್ಬಳೇ. ಬೆಳಗ್ಗೆ ಚಾರ್ಟಲ್ಲಿ ಹಿಂದಿನ ಸಂಖ್ಯೆನೇ ನೋಡಿ ಬರೆದುಬಿಟ್ಟೆ. ಮಧ್ಯಾಹ್ನನೂ ಹಾಗೇ."

ಅವನು ಗೇಟಿನ ಕಂಬಿ ಹಿಡಿದು ನಿಂತ.

"ಅವಳೇ ಎಣಿಸ್ಕೊಂಡಿದ್ಲಮ್ಮ," ಎಂದ. "ಬೆಳಗ್ಗೆ ಹತ್ತಕ್ಕೆ. 'ಮೂವತ್ತಿದೆ ರೀ, ಹೋಗಿ ಹೇಳಿ' ಅಂದ್ಲು. ಬಾಗಿಲ ತನಕ ಬಂದೆ. ನೀನು ಒಂದು ಕೈಲಿ ಡ್ರಿಪ್ ಬಾಟಲಿ, ಇನ್ನೊಂದು ಕೈಲಿ ಯಾರೋ ಮುದುಕರನ್ನ ಹಿಡ್ಕೊಂಡು ನಿಂತಿದ್ದೆ. ಪಾಪ, ಬಿಡುವಾಗ್ಲಿ ಅಂತ ವಾಪಸ್ ಹೋಗಿ ಕೂತೆ."

"ಅಕ್ಕ ಏನೂ ಕೇಳಲಿಲ್ವಾ?"

"ಕೇಳಿದ್ಲು. 'ಹೇಳಿದೀನಿ, ಬರ್ತಾರೆ' ಅಂದೆ. ಮಧ್ಯಾಹ್ನ ಮೂರಕ್ಕೆ ಹೃದಯ ನಿಲ್ಲೋ ತನಕ ಬಾಗಿಲನ್ನೇ ನೋಡ್ತಿದ್ಲು."

ಒಳಗಿನಿಂದ ಯಾರೋ ಕೂಗಿದರು. ಮಣ್ಣು ಹಾಕುವ ಹೊತ್ತಾಗಿತ್ತು.

ಕಿರಿಯ ನರ್ಸ್ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡಳು. ನಲವತ್ತು ನಿಮಿಷ ಬಿಡದೆ ಉಸಿರಕ್ಕನ ಎದೆ ಒತ್ತಿದ್ದ ಅವಳ ಮಣಿಕಟ್ಟುಗಳು ಬಾತುಕೊಂಡಿದ್ದವು. ಬೆರಳು ಮಡಚಲು ಬರಲಿಲ್ಲ. ಮಣ್ಣು ಸೋರತೊಡಗಿತು. ದರ್ಜಿ ತನ್ನ ಬೊಗಸೆಯನ್ನು ಅವಳ ಕೈ ಕೆಳಗೆ ಒಡ್ಡಿದ. ಅವನ ಬೆರಳ ಸಂದಿಗಳಿಂದಲೂ ಮಣ್ಣು ಜಾರಿತು. ಇಬ್ಬರೂ ಹಾಗೆಯೇ ನಡೆದರು. ಗುಂಡಿಯ ಅಂಚಿಗೆ ಬರುವಷ್ಟರಲ್ಲಿ ನಾಲ್ಕು ಕೈಗಳಲ್ಲೂ ಏನೂ ಉಳಿದಿರಲಿಲ್ಲ.