ಅರವತ್ತೊಂದನೆಯ ಪುಟದ ದೂರು

ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಮಾಡುವ ಬಗೆಯ ಕುರಿತು ಲತಾಮಣಿ ಬರೆದ ಪುಸ್ತಕಕ್ಕೆ ಆನ್‌ಲೈನಿನಲ್ಲಿ ಓದುಗರೊಬ್ಬರು ಒಂದೇ ಸ್ಟಾರ್ ಕೊಟ್ಟಿದ್ದರು. "ಅರವತ್ತೊಂದನೆಯ ಪುಟದಲ್ಲಿ ಹೇಳಿದಂತೆ ಹಾಲೆಮರವನ್ನು ಒಂದು ತಿಂಗಳು ಒಣಗಿಸಿ ಬುಗುರಿ ಮಾಡಿದೆ. ವಾರದೊಳಗೆ ಅರಗು ಬಿರುಕುಬಿಟ್ಟಿತು. ಲೇಖಕಿ ಲೇತಿನ ಮುಂದೆ ನಿಂತವರಲ್ಲ."

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಲತಾಮಣಿ ಎರಡು ವರ್ಷ, ಒಂದು ಭಾನುವಾರವೂ ತಪ್ಪಿಸದೆ, ಬೊಂಬೆ ಮಾಡುವ ಸಾದಿಕ್ ಅವರ ಮರ ಕಡೆಯುವ ಲೇತಿನ ಮುಂದೆ ನಿಂತಿದ್ದಳು. ಅರಗು ಕರಗುವ ಬಿಸಿ, ಬಣ್ಣದ ಪಾಲು ಎಲ್ಲವನ್ನೂ ತಾನೇ ಅಳೆದಿದ್ದಳು. ಮರ ಒಣಗುವ ಕಾಲವನ್ನು ಮಾತ್ರ ಅವರ ಬಾಯಿಮಾತಿನಂತೆ ಬರೆದುಕೊಂಡಿದ್ದಳು. ಮನೆಮಗಳಂತೆ ಊಟಕ್ಕೆ ಕೂರಿಸುತ್ತಿದ್ದವರನ್ನು ಪರೀಕ್ಷಿಸಲು ಮನಸ್ಸು ಬಂದಿರಲಿಲ್ಲ.

ನೇರ ಅವರಲ್ಲಿಗೇ ಹೋಗಿ ಓದುಗರ ಆ ದೂರನ್ನು ಓದಿ ಹೇಳಿದಳು. ಸಾದಿಕ್ ಲೇತು ನಿಲ್ಲಿಸಿದರು.

"ಅವ್ರು ಬರ್ದಿರೋದು ಸರಿಯಾಗೈತೆ. ಮೂರು ತಿಂಗ್ಳು ಒಣಗ್ಬೇಕು."

"ನಂಗೆ ಒಂದು ಅಂದ್ರಲ್ಲ ಭಾಯ್?"

"ಕಲಿಯಾಕ್ ಬಂದವ್ರೆ ಅಂದ್ಕಂಡಿದ್ದೆ. ಆಮೇಲೆ ಬುಕ್ ಮಾಡ್ತೀನಿ ಅಂದ್ರಿ. ಎಲ್ಲಾ ಹೇಳ್ಬುಟ್ರೆ ನಮ್ ಮಕ್ಳಿಗೆ ಏನ್ ಉಳೀತದೆ ಮೇಡಂ?"

"ಮುನ್ನುಡೀಲಿ ನಿಮ್ಮನ್ನ ಗುರುಗಳು ಅಂತ ಬರ್ದಿದೀನಿ."

"ಮಗ್ಳು ಓದಿ ಹೇಳಿದ್ಲು, ಚೆನ್ನಾಗೈತೆ. ಕುಸ್ತೀಲೂ ಗುರು ಆದವ್ನು ಒಂದು ಪಟ್ಟು ತನ್ಗೇ ಇಟ್ಕಂಡೇ ಅಲ್ವಾ ಕಲ್ಸೋದು?"

ಓದಿದವರ ಮುಂದೆ ಸುಳ್ಳುಗಾರ್ತಿಯಾದವಳು ತಾನೊಬ್ಬಳೇ ಎಂದು ಲತಾಮಣಿಗೆ ಅನಿಸಿತು.

"ಬೇರೆ ಏನೇನು ತಪ್ಪು ಹೇಳಿದೀರ?"

"ಅದೊಂದೇ ಕಣಮ್ಮ," ಎಂದರು ಸಾದಿಕ್, ಎಂದಿನ ಅದೇ ಮೆಲುದನಿಯಲ್ಲಿ.

ಪರಿಚಯವಾದಂದಿನಿಂದ ಮೊದಲ ಬಾರಿಗೆ ಅವರ ಮಾತನ್ನು ನಂಬಲು ಅವಳಿಂದಾಗಲಿಲ್ಲ.